ಅಣ್ಣಾರಾಯ ಮಾಸ್ತರರು ತಮ್ಮ ಪರಿಚಯ ಮಾಡಿಕೊಂಡ ಬೇಸಿಗೆ

ಹೋದ ವರ್ಷ ಬೇಸಿಗೆಯಲ್ಲಿ ಕಡಗಂಚಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಮುಂದೆ ಶಿಕ್ಷಕರಾಗಲಿರುವ ಹುಡುಗ ಹುಡುಗಿಯರಿಗೆ ಒಂದು ಕಮ್ಮಟ ನಡೆಯಿತು. ನನ್ನನ್ನೂ ಕರೆದಿದ್ದರು. ಮೊದಲ ದಿನ ಎಲ್ಲರೂ ತಮ್ಮ ಪರಿಚಯ ಮಾಡಿಕೊಳ್ಳಬೇಕು, ಆದರೆ ಎದ್ದು ನಿಂತು ಹೆಸರು ಊರು ಹೇಳುವ ಹಾಗಿಲ್ಲ. ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಏನಾದರೊಂದು ಮಾಡಿ ತೋರಿಸಬೇಕು ಎಂದು ಅಲ್ಲಿನ ನಿಯಮ. ಒಬ್ಬಳು ತನ್ನ ಊರಿನಿಂದ ಕಡಗಂಚಿಯವರೆಗಿನ ದಾರಿಯನ್ನು ನಕಾಶೆಯ ಮೇಲೆ ಓಡಿಸಿದಳು. ಒಬ್ಬ ತನ್ನ ಮುಖದ್ದೇ ಒಂದು ಕಾರ್ಟೂನು ಮಾಡಿ ಅದರ ಬಾಯಿಂದ ಮಾತಾಡಿಸಿದ. ಇನ್ನೊಬ್ಬ ತನ್ನ ಮನೆಯ ಸದ್ದುಗಳನ್ನಷ್ಟೇ ಜೋಡಿಸಿದ್ದ: ರೊಟ್ಟಿ ಬಡಿಯುವುದು, ಕೊಡ ಇಳಿಸುವುದು, ಅಜ್ಜನ ಕೆಮ್ಮು. ಎಲ್ಲವೂ ಚೆನ್ನಾಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಮುಗಿದ ಕೂಡಲೇ ಇನ್ನೊಂದು ಬರುತ್ತಿತ್ತು.

ಊಟದ ಹೊತ್ತಿಗೆ ಹೊರಗೆ ಬಂದಾಗ ಕೆಲಸದಾಕೆ ವರಾಂಡದ ಕಾದ ಫರಸಿಯ ಮೇಲೆ ಬಕೆಟ್ ನೀರು ಚೆಲ್ಲಿದಳು. ಶಾಬಾದಿ ಕಲ್ಲು ಬಿಸಿಯಾಗಿದ್ದಾಗ ನೀರು ಬಿದ್ದರೆ ಬರುವ ವಾಸನೆಯೇ ಬೇರೆ. ಮಣ್ಣಿನದಲ್ಲ, ಸುಣ್ಣದ್ದೂ ಅಲ್ಲ. ಆ ವಾಸನೆಗೆ ನನಗೆ ಜೇವರ್ಗಿಯ ಒಂದು ಬೇಸಿಗೆ ನೆನಪಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಬಿ.ಎಸ್ಸಿ. ಮುಗಿಸಿ, ಗುಲ್ಬರ್ಗಾದಲ್ಲಿ ಕಂಪ್ಯೂಟರಿನ ಒಂದು ಡಿಪ್ಲೊಮಾ ಮಾಡಿಕೊಂಡು, ಕೆಲಸ ಹುಡುಕುತ್ತಿದ್ದೆ. ಜೇವರ್ಗಿಯ ಒಂದು ಹೈಸ್ಕೂಲಿಗೆ ಯಾರೋ ತಾವು ಬಳಸಿ ಬಿಟ್ಟ ನಾಲ್ಕು ಕಂಪ್ಯೂಟರುಗಳನ್ನು ದಾನ ಕೊಟ್ಟಿದ್ದರು. ಅವನ್ನು ಮುಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಸುತ್ತಲಿನ ತಾಲ್ಲೂಕುಗಳ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ತರಬೇತಿ ಕೊಡಿಸೋಣ ಎಂದು ಅಲ್ಲಿನ ಹೆಡ್‌ಮಾಸ್ತರರಿಗೆ ಅನ್ನಿಸಿತು. ಕಲಿಸಲು ನನ್ನನ್ನು ಕರೆದರು. ದಿನಾ ಬೆಳಿಗ್ಗೆ ಗುಲ್ಬರ್ಗಾದಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬಿಸಿಲು ಇಳಿಯುವಷ್ಟರಲ್ಲಿ ಮರಳುತ್ತಿದ್ದೆ.

ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಹೆಡ್‌ಮಾಸ್ತರರು ಹೊಸ ಬಟ್ಟೆಯ ಪರದೆ ಹಾಕಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕಿತ್ತು. ನಾಲ್ಕೂ ಯಂತ್ರಗಳ ಹಣೆಗೆ ಪೂಜೆಯ ದಿನ ಹಚ್ಚಿದ ಕುಂಕುಮ ಇನ್ನೂ ಇತ್ತು. ಬಿಸಿಲಿಗೆ ಯಂತ್ರಗಳು ಕಾದು ನಿಂತುಬಿಡುತ್ತವೆ ಎಂದು ಜವಾನ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ ನೀರು ಹೊಡೆಯುತ್ತಿದ್ದ, ನೆಲಕ್ಕೂ ಚೆಲ್ಲುತ್ತಿದ್ದ. ಕರೆಂಟು ಹೋದಾಗ ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕೂಡುತ್ತಿದ್ದೆವು. ಬಂದಾಗ ಮತ್ತೆ ಒಳಗೆ. ಯಂತ್ರದಲ್ಲಿ ಕನ್ನಡವಿರಲಿಲ್ಲ. ಚಿತ್ರ ಬಿಡಿಸುವ ತಂತ್ರಾಂಶವೂ ಇರಲಿಲ್ಲ. ಬೇಸಿಕ್ ಎಂಬ ಭಾಷೆಯಲ್ಲಿ ಒಂದೊಂದು ಸಾಲು ಆಜ್ಞೆ ಬರೆದರೆ ಕಪ್ಪು ಪರದೆಯ ಮೇಲೆ ಗೆರೆ ಮೂಡುತ್ತಿತ್ತು, ವೃತ್ತ ಮೂಡುತ್ತಿತ್ತು, ಪೀಂ ಎಂದು ಸದ್ದು ಬರುತ್ತಿತ್ತು. ಇದ್ದದ್ದು ಅಷ್ಟೇ.

ಬಂದ ಮಾಸ್ತರರೆಲ್ಲ ನನಗಿಂತ ದೊಡ್ಡವರು. ಯಂತ್ರದ ಎದುರು ಕೂತರೆ ಕೈ ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದರು, ಮುಟ್ಟಿದರೆ ಎಲ್ಲಿ ಕೆಡುತ್ತದೋ ಎಂಬ ಭಯ. ಅದಕ್ಕೆ ಮೊದಲ ದಿನವೇ ಒಂದು ಮಾತು ಹೇಳಿದೆ: ತರಬೇತಿ ಮುಗಿಯುವ ದಿನ ಪ್ರತಿಯೊಬ್ಬರೂ ಈ ಪರದೆಯ ಮೇಲೆ ತಮ್ಮ ಪರಿಚಯ ಮಾಡಿಕೊಡಬೇಕು. ಬಾಯಿಮಾತಿನಲ್ಲಿ ಅಲ್ಲ. ಗೆರೆ, ವೃತ್ತ, ಸದ್ದು, ಏನಾದರೂ ಸರಿ. ತಮ್ಮದೇ ವಿಷಯವಾದರೆ ಧೈರ್ಯವಾಗಿ ಮುಟ್ಟಿಯಾರು ಎಂದು ನನ್ನ ಲೆಕ್ಕ.

ಘತ್ತರಗಿಯ ಕಾಶೀಬಾಯಿ ಟೀಚರ್ ಕೇಳಿದರು, "ಮೇಡಂ, ನನ್ನ ಬಗ್ಗೆ ತೋರಿಸೂದು ಏನದ್ರಿ? ಮುಂಜಾನೆ ಎದ್ದು ರೊಟ್ಟಿ ಬಡೀತೇನಿ, ಸಾಲಿಗೆ ಹೋಗ್ತೇನಿ, ಬರ್ತೇನಿ."

"ಅದನ್ನೇ ತೋರಿಸ್ರಿ," ಎಂದೆ.

ಆವತ್ತಿನ ಮಟ್ಟಿಗೆ ಬಾಯಲ್ಲೇ ಹೆಸರು ಹೇಳಿಕೊಳ್ಳಿ ಎಂದಾಗ ಒಬ್ಬೊಬ್ಬರೇ ಎದ್ದರು. ಹಿಂದಿನ ಬೆಂಚಿನಲ್ಲಿ ಎತ್ತರದ ಒಬ್ಬ ಮಾಸ್ತರರು ಕೂತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ಅವರ ಸರದಿ ಬಂದಾಗ ಅವರು ಎದ್ದು ನಿಂತರು, ಆದರೆ ಮಾತಾಡಿದ್ದು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಹೆಂಗಸು.

"ಇವರು ನಮ್ಮವರ್ರಿ. ನಮ್ದು ಕೊಳಕೂರ. ಭಾಳ ವರ್ಷ ಮಾಸ್ತರ ಇದ್ರು. ಈಗ ಬಾಯಿ ಹೋಗ್ಯಾದ."

"ಅವರ ಹೆಸರೇನ್ರಿ?"

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಅದನ್ನ ಅವರಿಗೇ ಕೇಳ್ರಿ."

ಗಂಡನ ಹೆಸರು ಹೇಳದ ಹೆಂಡತಿ, ಹೆಸರು ಹೇಳಲಾರದ ಗಂಡ. ಕೋಣೆಯಲ್ಲಿ ಕೆಲವರು ನಕ್ಕರು. ಮಾಸ್ತರರು ಚೀಲದಿಂದ ಪಾಟಿ ತೆಗೆದು ಬಳಪದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ಅಕ್ಷರ ದುಂಡಗೆ, ಅಚ್ಚಿನ ಹಾಗಿತ್ತು. "ಅಣ್ಣಾರಾಯ. ಮಾಸ್ತರ ಇದ್ರು ಅಲ್ಲ. ಇದ್ದೇನೆ."

ಉಳಿದದ್ದನ್ನು ಆ ಹೆಂಗಸೇ, ಗುರುಬಾಯಿಯವರು, ಮಧ್ಯಾಹ್ನ ಬೇವಿನ ನೆರಳಲ್ಲಿ ಹೇಳಿದರು. ಹಿಂದಿನ ದೀಪಾವಳಿಯ ಹೊತ್ತಿಗೆ ಮಾಸ್ತರರ ಗಂಟಲಲ್ಲಿ ಗಡ್ಡೆ ಇರುವುದು ಗೊತ್ತಾಗಿ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿದ್ದರು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದಲೇ ಉಸಿರು. ಆ ಬಿಳಿ ಬಟ್ಟೆ ಅದಕ್ಕೆ ಮರೆ. ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಅವರು ಒಂದನೆಯ ಇಯತ್ತೆಗೆ ಕಲಿಸುತ್ತಿದ್ದರು. ಬಾಯಿಲ್ಲದ ಮಾಸ್ತರ ಸಣ್ಣ ಮಕ್ಕಳಿಗೆ ಅಕ್ಷರ ಹೇಗೆ ಕಲಿಸಿಯಾನು ಎಂದು ಕೆಲವು ಪಾಲಕರು ಕೇಳಿದ್ದರು. ಕಚೇರಿಯಲ್ಲಿ ಟಪಾಲು ನೋಡಿಕೊಂಡಿರಿ ಎಂದು ಶಿಕ್ಷಣಾಧಿಕಾರಿಗಳು ಹೇಳಿಕಳಿಸಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ತೀರ್ಮಾನವಾಗಬೇಕಿತ್ತು.

"ಪಗಾರ ಅಷ್ಟೇ ಕೊಡ್ತಾರಂತ್ರಿ," ಎಂದರು ಗುರುಬಾಯಿಯವರು. "ಆದ್ರ ಇವರು ಒಲ್ಲೆ ಅಂತಾರ. ಮನ್ಯಾಗ ಕುಂತು ದಿನಾ ಗೋಡಿ ನೋಡಾಕತ್ತಿದ್ರು. ಇಲ್ಲಿ ಕಂಪ್ಯೂಟರ್ ಕಲಿಸ್ತಾರಂತ ಯಾರೋ ಅಂದ್ರು. ತಾವೇ ಎದ್ದು ಚೀಲ ಹಿಡ್ಕೊಂಡು ಬಾಗಿಲದಾಗ ನಿಂತ್ರು."

ಇದನ್ನು ಕಲಿತು ಏನು ಮಾಡುತ್ತೀರಿ ಎಂದು ನಾನು ಮಾಸ್ತರರನ್ನು ಕೇಳಿದೆ. ಅವರು ಪಾಟಿಯ ಮೇಲೆ ಬರೆದರು: "ಇದರಲ್ಲಿ ಸುಣ್ಣದ ಧೂಳಿಲ್ಲ." ಆ ತೂತಿಗೆ ಧೂಳು ಹೋಗಬಾರದು, ಕರಿಹಲಗೆಯ ಹತ್ತಿರ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರಂತೆ.

ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ನಡೆಯಿತು. ಕಾಶೀಬಾಯಿ ಟೀಚರ್ ಅಡ್ಡಗೆರೆಗಳಿಂದ ಭೀಮಾ ನದಿ ಮಾಡಿದರು, ಮೆಟ್ಟಿಲು ಮಾಡಿದರು, ಮೇಲೆ ಒಂದು ಗುಡಿ ನಿಲ್ಲಿಸಿದರು. ಕೀಲಿ ಒತ್ತಿದರೆ ಒಂದು ಚುಕ್ಕಿ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಆ ಚುಕ್ಕಿ ತಾವೇ ಎಂದರು. ಆಳಂದದ ಕಡೆಯ ಸಿದ್ರಾಮ ಮಾಸ್ತರ ಎಲ್ಲರಿಗಿಂತ ಚಿಕ್ಕವನು, ಮಾತು ಹೆಚ್ಚು. ಅವನು ಹಾಜರಿ ಕೂಗುವುದನ್ನು ಮಾಡಿದ್ದ. ಒಂದೊಂದು ಹೆಸರಿಗೂ ಪೀಂ ಎಂದು ಸದ್ದು. ಅವನ ಹೆಸರು ಬಂದಾಗ ಮಾತ್ರ ಸದ್ದಿಲ್ಲ, ಬಹಳ ಹೊತ್ತಿನ ಮೇಲೆ ದೂರದಿಂದ ಓಡಿ ಬಂದ ಹಾಗೆ ಒಂದು ಪೀಂ.

ಅಣ್ಣಾರಾಯ ಮಾಸ್ತರರು ಬಹಳ ದಿನ ಯಂತ್ರವನ್ನೇ ಮುಟ್ಟಲಿಲ್ಲ. ಚೌಕುಳಿ ಹಾಳೆ ತಂದು ಅದರ ಮೇಲೆ ಅಕ್ಷರ ಬರೆಯುತ್ತ ಕೂತರು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದು ಅವರ ಯೋಚನೆ. ಇಂಗ್ಲಿಷಿನ ಅಕ್ಷರವಾದರೆ ನೆಟ್ಟಗಿನ ಗೆರೆಗಳಲ್ಲಿ ಮುಗಿಯುತ್ತದೆ, ನಮ್ಮದು ಎಲ್ಲಾ ಬಳಸು. ಒಂದು ಅ ಬರೆಯಲು ಎಷ್ಟೋ ಕಮಾನು ಬೇಕು. ಪ್ರತಿ ಕಮಾನಿನ ನಡುಬಿಂದು ಎಲ್ಲಿ, ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು ಎಂದು ಅಂಕಿಯಲ್ಲಿ ಹೇಳಬೇಕು. ಗುರುಬಾಯಿಯವರ ಬಳೆ ತೆಗೆಸಿಕೊಂಡು, ಮೊಮ್ಮಗಳ ಸಣ್ಣ ಬಳೆಯನ್ನೂ ತರಿಸಿಕೊಂಡು, ಅವನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸುತ್ತಿದ್ದರು. ಕೋನವನ್ನು ಯಂತ್ರ ಡಿಗ್ರಿಯಲ್ಲಿ ಒಪ್ಪುವುದಿಲ್ಲ, ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ಕೊಡಬೇಕು ಎಂದಾಗ ಅವರು ಒಂದು ಇಡೀ ದಿನ ಅದರ ಹಿಂದೆ ಬಿದ್ದರು. ಮೊದಲ ಸಲ ಪರದೆಯ ಮೇಲೆ ಬಂದ ಅ ಹೊಟ್ಟೆ ಒಡೆದುಕೊಂಡು, ಬಾಲ ಇನ್ನೆಲ್ಲೋ ಹೋಗಿ ಬಿದ್ದಿತ್ತು. ಸಿದ್ರಾಮ ನಕ್ಕ. ಮಾಸ್ತರರ ಹೆಗಲೂ ಅಲುಗಿದವು. ಧ್ವನಿಯಿಲ್ಲದ ನಗು ಹಾಗಿರುತ್ತದೆ ಎಂದು ನಾನು ನೋಡಿದ್ದು ಆಗಲೇ.

"ಗುರುಗಳ, ನನ್ನ ಮಾತು ಕೇಳ್ರಿ," ಎಂದ ಸಿದ್ರಾಮ. "ಇಷ್ಟ್ಯಾಕ ತ್ರಾಸ? ನಮ್ಮ ಮನ್ಯಾಗ ಟೇಪ್‌ರೆಕಾರ್ಡರ್ ಅದ. ನೀವು ಬರ್ದು ಕೊಡ್ರಿ, ನಾ ಮಾತಾಡಿ ತುಂಬಿ ತರ್ತೇನಿ. ನೀವು ಮುಂದ ನಿಲ್ರಿ, ಟೇಪ್ ಹಿಂದ ಹಾಡ್ತದ."

ಮಾಸ್ತರರು ಪಾಟಿಯ ಮೇಲೆ ಬರೆದರು: "ಅದು ನಿನ್ನ ಪರಿಚಯ ಆಗ್ತದ." ಸಿದ್ರಾಮ ಓದಿ ತಲೆ ಕೆರೆದುಕೊಂಡ. ಆಮೇಲೆ ಆ ಮಾತೆತ್ತಲಿಲ್ಲ.

ಗುರುಬಾಯಿಯವರು ದಿನವೂ ಜೊತೆಗೆ ಬರುತ್ತಿದ್ದರು. ವರಾಂಡದಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಗಂಡನಿಗೆ ನೀರು ಕೊಡುವುದು, ಬಟ್ಟೆ ಬದಲಿಸುವುದು, ಅವರು ಕೈಸನ್ನೆ ಮಾಡಿದರೆ ಬೇರೆಯವರಿಗೆ ತಿಳಿಸುವುದು ಅವರ ಕೆಲಸ. ಆದರೆ ಆಕೆಗೆ ಓದು ಬರುತ್ತಿರಲಿಲ್ಲ. ಅದನ್ನು ನಾನು ತಡವಾಗಿ ಗಮನಿಸಿದೆ. ಮಾಸ್ತರರು ನಮ್ಮೆಲ್ಲರ ಹತ್ತಿರ ಪಾಟಿಯಲ್ಲಿ ಮಾತಾಡುತ್ತಿದ್ದರು, ಹೆಂಡತಿಯ ಹತ್ತಿರ ಮಾತ್ರ ಕೈಸನ್ನೆ. ಊಟ, ನೀರು, ಬಸ್ಸು, ನೋವು ಇಷ್ಟಕ್ಕೆ ಸನ್ನೆ ಸಾಕು. ಅದಕ್ಕಿಂತ ಆಚೆಯದು ಅವರಿಬ್ಬರ ನಡುವೆ ಏನಾಗುತ್ತಿತ್ತೋ ಗೊತ್ತಿಲ್ಲ.

ಅಕ್ಷರಗಳು ಒಂದೊಂದಾಗಿ ಸರಿಯಾದವು. ಮಾಸ್ತರರು ಎಲ್ಲವನ್ನೂ ಒಂದು ಫ್ಲಾಪಿಯಲ್ಲಿ ಇಟ್ಟುಕೊಂಡಿದ್ದರು. ಆಗಿನ ಫ್ಲಾಪಿ ಅಂಗೈಗಿಂತ ದೊಡ್ಡದು, ರಟ್ಟಿನ ಹಾಗೆ ಬಾಗುವಂಥದ್ದು, ಒಳಗಿನ ಕಪ್ಪು ಬಿಲ್ಲೆ ಒಂದು ಸೀಳಿನಿಂದ ಹೊರಗೆ ಕಾಣುವಂಥದ್ದು. ಇನ್ನೊಂದು ಪ್ರತಿ ಇಡಲು ಶಾಲೆಯಲ್ಲಿ ಫ್ಲಾಪಿ ಇರಲಿಲ್ಲ, ತಲೆಗೊಂದೇ ಹಂಚಿದ್ದೆವು.

ಅಮಾವಾಸ್ಯೆ ಬಂತು. ಘತ್ತರಗಿಯ ದೇವಿಯ ಗುಡಿಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿದ್ದವು, ನಾವು ತರಗತಿಗೆ ರಜೆ ಕೊಟ್ಟೆವು. ಮರುದಿನ ಮಾಸ್ತರರು ಫ್ಲಾಪಿಯನ್ನು ಯಂತ್ರಕ್ಕೆ ಹಾಕಿದಾಗ ಒಳಗಿನಿಂದ ಕಲ್ಲು ಅರೆದಂಥ ಸದ್ದು ಬಂತು. ಹೊರಗೆ ತೆಗೆದರೆ ಸೀಳಿನ ತುಂಬ ಹಳದಿ ಪುಡಿ, ಅದರ ಮೇಲೆ ಕುಂಕುಮ.

ಗುರುಬಾಯಿಯವರು ಬಾಗಿಲಿಗೆ ಬಂದು ನಿಂತರು. "ನಾನೇ ಒಯ್ದಿದ್ನಿರಿ," ಎಂದರು. "ಕಾಶೀಬಾಯಾರ ಸಂಗಡ ಹೋಗಿ ಭಾಗ್ಯವಂತಿ ಮುಂದ ಇಟ್ಟಿದ್ನಿ. ಪೂಜಾರಿ ಭಂಡಾರ ಹಚ್ಚಿ ಕೊಟ್ಟ. ಚಲೋ ಆಗ್ಲಿ ಅಂತ ಮಾಡೇನಿ."

ಮಾಸ್ತರರ ಕುತ್ತಿಗೆಯ ಬಟ್ಟೆ ಜೋರಾಗಿ ಒಳಗೆ ಹೊರಗೆ ಆಡುತ್ತಿತ್ತು, ಉಸಿರು ಸಿಳ್ಳಿನ ಹಾಗೆ ಕೇಳುತ್ತಿತ್ತು. ಅವರು ಪಾಟಿ ತೆಗೆದು ರಭಸದಿಂದ ಬರೆದರು, ಎರಡೂ ಬದಿ ತುಂಬುವಷ್ಟು ಬರೆದು ಹೆಂಡತಿಯ ಮುಖದ ಮುಂದೆ ಹಿಡಿದರು. ಆಕೆ ಪಾಟಿಯನ್ನು ನೋಡಿದರು, ಗಂಡನ ಮುಖ ನೋಡಿದರು, ನನ್ನ ಕಡೆ ತಿರುಗಿದರು.

"ಏನ್ ಬರ್ದಾರ್ರಿ?"

ನಾನು ಓದಿದೆ. ಜೋರಾಗಿ ಓದುವಂಥದ್ದಾಗಿರಲಿಲ್ಲ. "ಮತ್ತೊಮ್ಮೆ ಮಾಡೋಣ ಅಂತಾರ್ರಿ," ಎಂದೆ.

ಮಾಸ್ತರರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಾಟಿಯನ್ನು ಅಂಗೈಯಿಂದ ಒರೆಸಿ, ನಾನು ಹೇಳಿದ್ದನ್ನೇ ಬರೆದರು, ಮತ್ತೆ ಆಕೆಯ ಮುಂದೆ ಹಿಡಿದರು. ಆಕೆಗೆ ಅದೂ ಅಷ್ಟೇ. ಆದರೂ ತಲೆ ಆಡಿಸಿದರು.

ಪುಣ್ಯಕ್ಕೆ ಚೌಕುಳಿ ಹಾಳೆಗಳು ಇದ್ದವು, ಸಿದ್ರಾಮನ ಫ್ಲಾಪಿಯಲ್ಲಿ ಜಾಗವೂ ಇತ್ತು. ಮರುದಿನದಿಂದ ಎಲ್ಲರೂ ಕೈ ಹಚ್ಚಿದರು. ಕಾಶೀಬಾಯಿ ಟೀಚರ್ ಹಾಳೆ ನೋಡಿ ಅಂಕಿಗಳನ್ನು ಕೂಗುವುದು, ಸಿದ್ರಾಮ ಕೀಲಿ ಒತ್ತುವುದು, ಮಾಸ್ತರರು ಹಿಂದೆ ನಿಂತು ತಪ್ಪಿದಲ್ಲಿ ಕೋಲಿನಿಂದ ಅವನ ಹೆಗಲು ಮುಟ್ಟುವುದು. ಕರೆಂಟು ಇರುವಷ್ಟು ಹೊತ್ತು ಊಟಕ್ಕೂ ಏಳುತ್ತಿರಲಿಲ್ಲ. ಎರಡನೆಯ ಸಲ ಅಕ್ಷರಗಳು ಮೊದಲಿಗಿಂತ ದುಂಡಗೆ ಬಂದವು.

ಆ ದಿನಗಳಲ್ಲಿ ಗುರುಬಾಯಿಯವರು ಕೌದಿ ಬಿಟ್ಟು ಕೋಣೆಯ ಒಳಗೇ ಬಂದು ಕೂಡತೊಡಗಿದರು. ಪರದೆಯ ಮೇಲೆ ಅಕ್ಷರ ಬಿಳಿ ಹುಳದ ಹಾಗೆ ತೆವಳುತ್ತ ತೆವಳುತ್ತ ಪೂರಾ ಆಗುವುದನ್ನು ನೋಡುತ್ತಿದ್ದರು. ಒಮ್ಮೆ ಬೇವಿನ ಮರದ ಕೆಳಗೆ ಕೂತಾಗ ನನ್ನ ಹತ್ತಿರ ಸರಿದು ಕೇಳಿದರು.

"ಮೇಡಮ್ಮ, ಅವು ನನಗೂ ಹೇಳಿ ಕೊಡ್ತೀರೇನ್ರಿ?"

"ಅಕ್ಷರಾನಾ?"

"ಹೂಂರಿ. ಇಷ್ಟು ದಿನ ಅವರ ಸಿಟ್ಟು ನನಗ ಕೇಳ್ತಿತ್ತು. ಈಗ ಪಾಟಿ ಮ್ಯಾಲ ಇರ್ತದ. ಕಣ್ಣಿಗಿ ಕಾಣ್ತದ, ತಿಳಿಯಂಗಿಲ್ಲ. ಬೈದ್ರೂ ಏನು ಬೈದ್ರು ಅಂತ ತಿಳೀಬೇಕಲ್ರಿ."

ನಾನು ಹೇಳಿಕೊಡಬೇಕಾಗಿ ಬರಲಿಲ್ಲ. ಒಳಗೆ ಹೋದ ಮೇಲೆ ಈ ಮಾತನ್ನು ಮಾಸ್ತರರಿಗೆ ತಿಳಿಸಿದೆ. ಅವರು ಯಂತ್ರದ ಮುಂದಿನ ಕುರ್ಚಿಯನ್ನು ಹೆಂಡತಿಗೆ ಬಿಟ್ಟುಕೊಟ್ಟು, ಕೀಲಿ ಒತ್ತಿ, ಅಕ್ಷರ ಮೂಡಿದ ಮೇಲೆ ನನ್ನ ಕಡೆ ನೋಡಿದರು. ನಾನು "ಅ" ಎಂದೆ. ಗುರುಬಾಯಿಯವರು "ಅ" ಎಂದರು. ಮಾಸ್ತರರು ಮತ್ತೆ ಕೀಲಿ ಒತ್ತಿದರು. ಅಲ್ಲಿಂದ ಮುಂದೆ ದಿನವೂ ಸ್ವಲ್ಪ ಹೊತ್ತು ಇದು ನಡೆಯಿತು. ಬೇರೆಯವರು ತಮ್ಮ ಕೆಲಸದ ನಡುವೆ, ತಲೆ ಎತ್ತದೆ, ಪರದೆಯ ಅಕ್ಷರವನ್ನು ಆಕೆಗಾಗಿ ಕೂಗುತ್ತಿದ್ದರು. ತಪ್ಪು ಹೇಳಿದರೆ ಮಾಸ್ತರರ ಕೋಲು ಮೇಜಿಗೆ ಬಡಿಯುತ್ತಿತ್ತು.

ಕೊನೆಯ ದಿನ ಶಿಕ್ಷಣಾಧಿಕಾರಿ ಸಾಹೇಬರು ಬಂದರು. ಪ್ರಮಾಣಪತ್ರ ಕೊಡಲು ಹೆಡ್‌ಮಾಸ್ತರರು ಅವರನ್ನೇ ಕರೆಸಿದ್ದರು. ಅಣ್ಣಾರಾಯ ಮಾಸ್ತರರನ್ನು ಕಚೇರಿಗೆ ಬನ್ನಿ ಎಂದಿದ್ದವರೂ ಇವರೇ. ಒರಟಲ್ಲದ ಮನುಷ್ಯ, ಎಲ್ಲರ ಹೆಸರು ಕೇಳಿ, ನೀರು ಕುಡಿದು, ಮುಂದಿನ ಕುರ್ಚಿಯಲ್ಲಿ ಕೂತರು. ಆಕಾಶದಲ್ಲಿ ಮೋಡವಿತ್ತು, ಸೆಕೆ ವಿಪರೀತವಾಗಿತ್ತು, ಕರೆಂಟು ಹೋಗದಿದ್ದರೆ ಸಾಕು ಎಂದು ನಾನು ಕಾಯುತ್ತಿದ್ದೆ.

ಕಾಶೀಬಾಯಿ ಟೀಚರ್ ಅವರ ಚುಕ್ಕಿ ಮೆಟ್ಟಿಲು ಹತ್ತಿ ಇಳಿಯಿತು. ಸಿದ್ರಾಮನ ಪೀಂ ತಡವಾಗಿ ಬಂತು, ಸಾಹೇಬರು ನಕ್ಕರು. ಆಮೇಲೆ ಅಣ್ಣಾರಾಯ ಮಾಸ್ತರರು ಎದ್ದು ಯಂತ್ರವನ್ನು ಸಾಹೇಬರ ಕಡೆ ತಿರುಗಿಸಿ, ಕೋಲು ಹಿಡಿದು ಪಕ್ಕದಲ್ಲಿ ನಿಂತರು. ಕೀಲಿ ಒತ್ತಿದರು. ಅಕ್ಷರ ಮೂಡಿತು. ಮಾಸ್ತರರು ಕೋಲನ್ನು ಅದರ ಮೇಲಿಟ್ಟು ನಮ್ಮ ಕಡೆ ನೋಡಿದರು. ಹೊಸಬರ ಎದುರು ಎಲ್ಲರಿಗೂ ಸಂಕೋಚ, ಯಾರೂ ಬಾಯಿ ಬಿಡಲಿಲ್ಲ. ಕೋಲು ನಿಧಾನವಾಗಿ ತಿರುಗಿ ಸಾಹೇಬರ ಕಡೆ ನಿಂತಿತು. ಸಾಹೇಬರು ಆಚೀಚೆ ನೋಡಿದರು. ಕೋಲು ಕದಲಲಿಲ್ಲ.

"ಅ," ಎಂದರು ಸಾಹೇಬರು.

ಮಾಸ್ತರರು ತಲೆಯಾಡಿಸಿ ಮುಂದಿನ ಕೀಲಿ ಒತ್ತಿದರು. ಎರಡನೆಯ ಅಕ್ಷರಕ್ಕೆ ಎಲ್ಲರ ಧ್ವನಿ ಬಂತು. ಮೂರನೆಯದಕ್ಕೆ ಇನ್ನೂ ಜೋರಾಗಿ. ಹಿಂದಿನಿಂದ ಗುರುಬಾಯಿಯವರ ಧ್ವನಿಯೂ ಕೇಳುತ್ತಿತ್ತು. ಕೊನೆಗೆ ನಾಲ್ಕೂ ಅಕ್ಷರ ಪರದೆಯ ಮೇಲೆ ಒಂದೇ ಸಾಲಿನಲ್ಲಿ ಕೂಡಿಕೊಂಡವು. ಇಡೀ ಕೋಣೆ "ಅಣ್ಣಾರಾಯ" ಎಂದು ಓದಿತು. ಮಾಸ್ತರರು ಕೋಲನ್ನು ಹಿಂದೆ ಚಾಚಿ ಹೆಂಡತಿಯ ಕಡೆ ತೋರಿಸಿದರು.

ಗುರುಬಾಯಿಯವರು ಸೆರಗು ಹಿಡಿದುಕೊಂಡರು. "ಎಲ್ಲಾರೂ ಓದ್ಯಾರಲ್ರಿ, ನನ್ದೇನದ," ಎಂದರು. ನಕ್ಕದ್ದು ಸಾಹೇಬರೇ ಮೊದಲು.

ನಗು ಮುಗಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಛಲೋ ಅದ್ರಿ ಮಾಸ್ತರ. ಭಾಳ ಛಲೋ ಅದ. ಆದ್ರ ಒಂದು ಮಾತು ಕೇಳ್ತೇನಿ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಸಾಲ್ಯಾಗ ಕಂಪ್ಯೂಟರ್ ಎಲ್ಲದ? ಕರೆಂಟ್‌ರ ಎಲ್ಲದ?"

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಮಾಸ್ತರರು ಯಂತ್ರದ ಹತ್ತಿರದಿಂದ ಸರಿದು ಗೋಡೆಯ ಕರಿಹಲಗೆಯ ಕಡೆ ನಡೆದರು. ಸೀಮೆಸುಣ್ಣ ಎತ್ತಿಕೊಂಡರು.

"ಬ್ಯಾಡ್ರಿ," ಎಂದು ಗುರುಬಾಯಿಯವರು ಎದ್ದು ಬಂದರು. "ಸಾಹೇಬ್ರ, ಅವರಿಗೆ ಧೂಳು ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರ." ಆದರೆ ಮಾಸ್ತರರು ಹಿಂದೆ ಸರಿಯುವ ಲಕ್ಷಣ ಕಾಣಲಿಲ್ಲ. ಆಕೆ ಒಂದು ಕ್ಷಣ ನಿಂತು, ಅವರ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು, ತಮ್ಮ ತಂಬಿಗೆಯ ನೀರಿನಲ್ಲಿ ಅದ್ದಿ, ಹಾಗೇ ಮರಳಿ ಕೊಟ್ಟರು.

ಮಾಸ್ತರರು ಬರೆದರು. ಹಲಗೆಯ ಮೇಲೆ ಒದ್ದೆಯ ಗುರುತಷ್ಟೇ ಉಳಿಯಿತು.

"ಏನೂ ಮೂಡವಲ್ದಲ್ರಿ," ಎಂದರು ಸಾಹೇಬರು.

ಮಾಸ್ತರರು ಕೈ ಎತ್ತಿ ತಡೆಯಿರಿ ಎಂದು ಸನ್ನೆ ಮಾಡಿದರು. ಸೆಕೆಗೆ ಹಲಗೆ ಬೇಗ ಒಣಗುತ್ತಿತ್ತು. ಬರೆದ ಕ್ರಮದಲ್ಲೇ, ಶುರುವಾದ ಕಡೆಯಿಂದ ಮುಗಿದ ಕಡೆಗೆ, ಅಕ್ಷರ ನಿಧಾನವಾಗಿ ಬೆಳ್ಳಗಾಗುತ್ತ ಬಂತು. ಧೂಳು ಒಂದಿಷ್ಟೂ ಉದುರಲಿಲ್ಲ. ಅದು "ಸ" ಎಂದು ಪೂರ್ತಿಯಾಗುವ ಮೊದಲೇ ಮುಂದಿನ ಸಾಲಿನವರು ಓದಿಬಿಟ್ಟರು.

"ಮಕ್ಕಳು ಗದ್ಲ ಮಾಡಿದ್ರ ಏನ್ ಮಾಡ್ತೀರಿ?" ಎಂದು ಸಾಹೇಬರು ಮತ್ತೆ ಕೇಳಿದರು. ಸಿದ್ರಾಮ ಆಗ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಮಾಸ್ತರರು ಅವನ ಕಡೆ ತಿರುಗಿ ಸುಮ್ಮನೆ ನೋಡಿದರು. ಅವನು ಬಾಯಿ ಮುಚ್ಚಿದ.

ಸಾಹೇಬರು ಪ್ರಮಾಣಪತ್ರಗಳನ್ನೆಲ್ಲ ಕೊಟ್ಟು ಮುಗಿಸಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು. "ಸಾಲಿ ಚಾಲೂ ಆಗ್ಲಿ. ಮೊದಲು ನಡೆಸ್ರಿ. ಮಳಿ ನಡು ನಾನೇ ಬಂದು ಮಕ್ಕಳಿಗೆ ಕೇಳ್ತೇನಿ. ಅವರಿಗೆ ಬರಲಿಲ್ಲಂದ್ರ ಕಚೇರಿಗೆ ಬರಬೇಕಾಗ್ತದ. ಆವಾಗ ನನ್ನ ಮ್ಯಾಲ ಬೇಜಾರ ಮಾಡ್ಕೋಬಾರ್ದು." ನನ್ನ ಕಡೆ ತಿರುಗಿ, "ನೀವೂ ಬರ್ರಿ ಮೇಡಂ," ಎಂದರು.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು. ಆಗಸ್ಟಿನಲ್ಲಿ ಸಾಹೇಬರ ಜೀಪು ಹೊರಟಾಗ ದಾರಿಯ ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬೆಳೆದಿತ್ತು. ಊರು ಇನ್ನೂ ದೂರವಿರುವಾಗಲೇ ಜೀಪು ಎರೆಮಣ್ಣಿನಲ್ಲಿ ಸಿಕ್ಕಿಕೊಂಡಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಹೆಜ್ಜೆಗೊಂದು ಸಲ ಕಾಲಿಗೆ ಮಣ್ಣು ಮೆತ್ತಿ ತೂಕವಾಗುತ್ತಿತ್ತು. ಸಾಹೇಬರು ದಾರಿಯಲ್ಲಿ, ಕಚೇರಿಯ ಕೆಲಸಕ್ಕೆ ಬೇರೆ ಯಾರನ್ನೂ ತಾವು ಇನ್ನೂ ಹಾಕಿಲ್ಲ ಎಂದಷ್ಟೇ ಒಮ್ಮೆ ಹೇಳಿದರು. ಅದರ ಅರ್ಥ ಮಾಸ್ತರರು ಅಲ್ಲಿಗೆ ಬರಬೇಕಾದೀತು ಎಂದೂ ಆಗಬಹುದಿತ್ತು, ಅವಸರವೇನಿಲ್ಲ ಎಂದೂ ಆಗಬಹುದಿತ್ತು.

ಎರಡು ಕೋಣೆಯ ಶಾಲೆ. ಒಂದರಲ್ಲಿ ಅಣ್ಣಾರಾಯ ಮಾಸ್ತರರು, ಇನ್ನೊಂದರಲ್ಲಿ ಒಬ್ಬ ಹೊಸ ಮಾಸ್ತರ. ಕಿಟಕಿಯ ಕಟ್ಟೆಯ ಮೇಲೆ ನೀರಿನ ಬಟ್ಟಲು, ಅದರಲ್ಲಿ ಸೀಮೆಸುಣ್ಣದ ತುಂಡುಗಳು. ಗೋಡೆಯ ಮೇಲೆ ಒಂದೊಂದು ಅಕ್ಷರದ ಪಕ್ಕ ಒಂದೊಂದು ಚಿತ್ರ: ಬ ಪಕ್ಕ ಬಳೆ, ಸ ಪಕ್ಕ ಸರ. ಒಂದನೆಯ ಇಯತ್ತೆಯ ಮಕ್ಕಳು ನೆಲದ ಮೇಲೆ ಕೂತಿದ್ದರು. ಸಾಹೇಬರು ತಾವೇ ಹಲಗೆಯ ಮೇಲೆ ಅಕ್ಷರ ಬರೆದು ಅಲ್ಲೊಬ್ಬ ಇಲ್ಲೊಬ್ಬಳನ್ನು ಎಬ್ಬಿಸಿ ಕೇಳಿದರು. ಹೆಚ್ಚಿನವರು ಓದಿದರು. 'ಬಸವ' ಎಂದು ಬರೆದರೆ ಓದಿದರು, 'ಕಮಲ' ಎಂದು ಬರೆದರೂ ಓದಿದರು. ಆದರೆ ಮಗ್ಗಿ ಕೇಳಿದಾಗ ಎರಡರದೇ ಅರ್ಧಕ್ಕೆ ನಿಂತಿತು. ಮಗ್ಗಿಯನ್ನು ಒಬ್ಬರು ಮುಂದೆ ಕೂಗಬೇಕು, ಹಿಂದೆ ಮಕ್ಕಳು ಕೂಗಬೇಕು. ಅಲ್ಲಿ ಮುಂದೆ ಕೂಗುವವರು ಇರಲಿಲ್ಲ.

"ಮಗ್ಗಿ ಬರಂಗಿಲ್ಲ," ಎಂದರು ಸಾಹೇಬರು.

ಮಾಸ್ತರರು ಹೌದೆಂದು ತಲೆಯಾಡಿಸಿದರು. ಸಾಹೇಬರು ಪಕ್ಕದ ಕೋಣೆಗೆ ಹೋಗಿ ಆ ಹೊಸ ಮಾಸ್ತರನ ಹತ್ತಿರ ಮಾತಾಡಿ ಬಂದರು. ಮಧ್ಯಾಹ್ನದ ಮೇಲೆ ಮಗ್ಗಿ ಅವನು ಹೇಳಿಸಬೇಕು, ಅವನ ಮೂರನೆಯ ಇಯತ್ತೆಯ ಬರವಣಿಗೆ ಇವರು ನೋಡಿಕೊಳ್ಳಬೇಕು ಎಂದಾಯಿತು. "ಇರ್ಲಿ, ಇಲ್ಲೇ ಇರ್ರಿ," ಎಂದು ಸಾಹೇಬರು ಮಾಸ್ತರರಿಗೆ ಹೇಳಿದ್ದು ಅಷ್ಟೇ. ನಿವೃತ್ತಿಯಾಗುವವರೆಗೂ ಅವರು ಅಲ್ಲಿಯೇ ಕಲಿಸಿದರೆಂದು ಆಮೇಲೆ ಕಾಶೀಬಾಯಿ ಟೀಚರಿಂದ ತಿಳಿಯಿತು. ಗುರುಬಾಯಿಯವರು ಪಾಟಿಯನ್ನು ಅರ್ಧ ಓದುತ್ತಾರೆ, ಅರ್ಧ ಓದಿದ ಹಾಗೆ ಮಾಡುತ್ತಾರೆ ಎಂದೂ ಆಕೆಯೇ ಹೇಳಿದ್ದರು.

ಸಾಹೇಬರು ಹೊಸ ಮಾಸ್ತರನ ಜೊತೆ ಹೊರಗೆ ಚಹಾ ಕುಡಿಯುತ್ತಿದ್ದಾಗ ನಾನು ಮಕ್ಕಳ ನಡುವೆ ಸ್ವಲ್ಪ ಹೊತ್ತು ಕೂತೆ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ನಿನ್ನ ಹೆಸರೇನವ್ವ?" ಎಂದೆ.

ಅವಳು ಎದ್ದು ನಿಂತಳು. ಬಾಯಿ ತೆರೆಯಲಿಲ್ಲ. ತೋರುಬೆರಳು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಬರೆಯತೊಡಗಿದಳು. ಈ ತರಗತಿಯಲ್ಲಿ ಹೆಸರು ಕೇಳಿದರೆ ಹಾಗೆಯೇ ಹೇಳಬೇಕೆಂದು ಅವಳು ತಿಳಿದಂತಿತ್ತು. ಉಳಿದ ಮಕ್ಕಳಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ನಾನು ಎದುರಿಗೆ ಕೂತಿದ್ದೆ, ಅಕ್ಷರಗಳೆಲ್ಲ ನನಗೆ ತಿರುಗುಮುರುಗಾಗಿ ಕಾಣುತ್ತಿದ್ದವು. ಬರೆದು ಮುಗಿಸಿ ಅವಳು ನನ್ನ ಉತ್ತರಕ್ಕೆ ಕಾದಳು. ನನಗೆ ಓದಲಾಗಲಿಲ್ಲ.

ಮಾಸ್ತರರು ಅಲ್ಲಿಂದಲೇ ಕೈ ಮಾಡಿ, ಎದ್ದು ಅವಳ ಹಿಂದೆ ಹೋಗಿ ನಿಲ್ಲಿರಿ ಎಂದು ತೋರಿಸಿದರು. ಹೋಗಿ ನಿಂತೆ. ಅವಳು ಇನ್ನೊಮ್ಮೆ ಮೊದಲಿನಿಂದ ಬರೆದಳು.

"ಮಹಾದೇವಿ," ಎಂದು ಓದಿದೆ.

"ಹೌದ್ರಿ," ಎಂದು ಅವಳು ಕೂತಳು.